ಕಂಟ್ರಿ ಸಂಗೀತ: ನಡುವಿನಿಂದ ಶುರು ಮಾಡಿ, ಹಿಂದಕ್ಕೆ ಹೋಗಿ

ಕಂಟ್ರಿ ಸಂಗೀತ ಕೇಳಬೇಕೆಂದಿದ್ದೇನೆ, ಯಾವ ಆಲ್ಬಂನಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ, ಹೆಸರುಗಳನ್ನು ಹೇಳುವುದಕ್ಕೆ ಮುಂಚೆ ಒಂದು ತೊಡಕನ್ನು ಬಿಡಿಸಬೇಕಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೆಳೆದು, 1920ರ ದಶಕದಲ್ಲಿ ಗ್ರಾಮಫೋನು ಮತ್ತು ರೇಡಿಯೊಗಳ ಮೂಲಕ ಊರೂರು ತಲುಪಿದ ಈ ಸಂಗೀತ ತನ್ನ ಮೊದಲ ಮೂವತ್ತು ನಲವತ್ತು ವರ್ಷ ಆಲ್ಬಂಗಳ ಸಂಗೀತವೇ ಆಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಹೆಚ್ಚುಕಡಿಮೆ ಮೂರು ನಿಮಿಷದ ಒಂದೇ ಹಾಡು. ಆ ಮೂರು ನಿಮಿಷದಲ್ಲೇ ಮದುವೆ, ಮೋಸ, ಜೈಲು, ಸಾವು ಎಲ್ಲವನ್ನೂ ಹೇಳಿ ಮುಗಿಸುವ ಕಸುಬನ್ನು ಇದರ ಹಾಡುಗಾರರು ಕಲಿತರು. ಒಂದೊಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವ ಎಲ್‌ಪಿ ತಟ್ಟೆ 1948ರಲ್ಲಿ ಬಂದ ಮೇಲೂ ಕಂಪನಿಗಳು ಗೆದ್ದ ಒಂದೆರಡು ಹಾಡುಗಳ ಸುತ್ತ ಕೈಗೆ ಸಿಕ್ಕಿದ್ದನ್ನು ತುಂಬಿ, ಅದನ್ನೇ ಆಲ್ಬಂ ಎಂದು ಮಾರಿದ್ದು ಹೆಚ್ಚು.

ಇದನ್ನು ತಿಳಿಯದೆ ಹೊರಟವರು ಎರಡು ಕಡೆ ಎಡವುತ್ತಾರೆ. ಮೊದಲಿನಿಂದಲೇ ಕ್ರಮವಾಗಿ ಕೇಳುತ್ತೇನೆಂದು 1927ರ ಧ್ವನಿಮುದ್ರಣಗಳನ್ನು ಹಾಕಿಕೊಂಡವರಿಗೆ ಸೂಜಿಯ ಕರಕರ ಸದ್ದಿನ ನಡುವೆ ಒಂದೇ ತರಹದ ಹಾಡುಗಳು ಕೇಳಿಸಿ ಬೇಸರ ಬರುತ್ತದೆ. ಈಗಿನದ್ದೇ ಕೇಳೋಣವೆಂದವರಿಗೆ ಪಿಕಪ್ ಟ್ರಕ್ಕು, ಬಿಯರು, ಶುಕ್ರವಾರದ ರಾತ್ರಿ ಇಷ್ಟೇ ಸಿಗುತ್ತದೆ. ನಾನು ಮೊದಲ ದಾರಿಯಲ್ಲಿ ಹೋಗಿ, ಹತ್ತು ಹಾಡಿಗೆ ಸೋತು, ಎರಡು ವರ್ಷ ಇದರ ತಂಟೆಗೇ ಹೋಗದೆ ಇದ್ದವನು. ಆದ್ದರಿಂದ ನನ್ನ ಸಲಹೆ ಇದು: ನಡುವಿನಿಂದ, ಅಂದರೆ 1968ರಿಂದ 1980ರ ತನಕದ ಹನ್ನೆರಡು ವರ್ಷಗಳಿಂದ ಶುರು ಮಾಡಬೇಕು. ಹಳೆಯ ಕಥೆ ಹೇಳುವ ಕಸುಬೂ ಕೈಬಿಡದೆ, ಆಲ್ಬಂ ಎಂಬ ಹೊಸ ರೂಪವೂ ಕೈಗೂಡಿದ ಕಾಲ ಅದು.

ಕರ್ನಾಟಕದ ಓದುಗರಲ್ಲಿ ಕೆಲವರಿಗೆ ಈ ಸಂಗೀತ ಪೂರ್ತಿ ಹೊಸದೇನಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಜಿಮ್ ರೀವ್ಸ್ ಅವರ ಹಾಡುಗಳು ಬಹುಕಾಲ ಕೇಳಿಬಂದಿವೆ; ಕ್ರಿಸ್‌ಮಸ್ ಬಂತೆಂದರೆ ಅವರ ದನಿಯೂ ಬಂತೆಂದೇ ಲೆಕ್ಕ. ಜಾನ್ ಡೆನ್ವರ್ ಅವರ 1971ರ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಹಾಡನ್ನಂತೂ ಕಾಲೇಜಿನಲ್ಲಿ ಗಿಟಾರು ಹಿಡಿದವರೆಲ್ಲ ಒಮ್ಮೆಯಾದರೂ ಹಾಡಿರುತ್ತಾರೆ. ಆದರೆ ರೀವ್ಸ್ ಅವರದು ಈ ಸಂಗೀತದ ಒಂದು ನುಣುಪಾದ ಮುಖ ಮಾತ್ರ. 1950ರ ದಶಕದ ಕೊನೆಯಲ್ಲಿ ರಾಕ್ ಅಂಡ್ ರೋಲ್ ಬಂದು ಕಂಟ್ರಿಯ ಮಾರುಕಟ್ಟೆಯನ್ನು ಕಸಿದುಕೊಂಡಾಗ, ಕಂಟ್ರಿ ಧ್ವನಿಮುದ್ರಣದ ಕೇಂದ್ರವಾದ ನ್ಯಾಶ್‌ವಿಲ್ ನಗರದ ನಿರ್ಮಾಪಕರಾದ ಚೆಟ್ ಆಟ್ಕಿನ್ಸ್ ಮತ್ತು ಓವನ್ ಬ್ರಾಡ್ಲಿ ಫಿಡಲ್ ಎಂದು ಕರೆಯುವ ಹಳ್ಳಿ ಬಗೆಯ ಪಿಟೀಲು, ಸ್ಟೀಲ್ ಗಿಟಾರುಗಳ ಒರಟು ಸದ್ದನ್ನು ಹಿಂದಕ್ಕೆ ಸರಿಸಿ, ವಯಲಿನ್ನುಗಳ ಮೇಳ ಮತ್ತು ಮೆಲುದನಿಯ ಹಿನ್ನೆಲೆ ಗಾಯನವನ್ನು ಮುಂದೆ ತಂದರು. ಇದನ್ನೇ ನ್ಯಾಶ್‌ವಿಲ್ ಸೌಂಡ್ ಎನ್ನುತ್ತಾರೆ. ನ್ಯಾಶ್‌ವಿಲ್ ಸೌಂಡ್ ಎಂದರೇನು ಎಂದು ಕೇಳಿದಾಗ ಆಟ್ಕಿನ್ಸ್ ಜೇಬಿಗೆ ಕೈಹಾಕಿ ಚಿಲ್ಲರೆ ಕಾಸು ಕುಲುಕಿ ತೋರಿಸಿದರಂತೆ. ಈ ಬಗೆಯಲ್ಲಿ ಒಂದನ್ನು ಮಾತ್ರ ಕೇಳುವುದಾದರೆ ಪ್ಯಾಟ್ಸಿ ಕ್ಲೈನ್ ಅವರ 1961ರ 'ಕ್ರೇಜಿ' ಹಾಡನ್ನು ಕೇಳಿ. ಅದನ್ನು ಬರೆದ ವಿಲ್ಲಿ ನೆಲ್ಸನ್ ಮುಂದೆ ಮತ್ತೆ ಬರುತ್ತಾರೆ.

ಮೊದಲ ಆಲ್ಬಂ ಜಾನಿ ಕ್ಯಾಶ್ ಅವರ 'ಅಟ್ ಫಾಲ್ಸಮ್ ಪ್ರಿಸನ್'. ಇದು 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿನ ಊಟದ ಹಾಲಿನಲ್ಲಿ, ಕೈದಿಗಳ ಎದುರು ಎರಡು ಬಾರಿ ಹಾಡಿ ಮುದ್ರಿಸಿಕೊಂಡದ್ದು. ಹೊಸ ಕೇಳುಗರಿಗೆ ಇದು ಏಕೆ ಸರಿ ಎಂದರೆ, ಇಲ್ಲಿ ಹಾಡಿನಷ್ಟೇ ಹಾಡು ಕೇಳುವವರೂ ಕಿವಿಗೆ ಬೀಳುತ್ತಾರೆ. ಯಾವ ಮಾತಿಗೆ ನಗು, ಯಾವ ಮಾತಿಗೆ ಕೂಗು ಎಂಬುದನ್ನು ಗಮನಿಸುತ್ತ ಹೋದರೆ ಈ ಹಾಡುಗಳು ಯಾರ ಬದುಕಿಗೆ ತಾಗುತ್ತಿದ್ದವು ಎಂಬುದು ತಾನಾಗಿ ತಿಳಿಯುತ್ತದೆ. ನಡುನಡುವೆ ಜೈಲಿನ ಧ್ವನಿವರ್ಧಕದ ಪ್ರಕಟಣೆಗಳೂ ಕೇಳಿಸುತ್ತವೆ. ಕೊನೆಯ ಹಾಡು ಅದೇ ಜೈಲಿನಲ್ಲಿದ್ದ ಗ್ಲೆನ್ ಶೆರ್ಲಿ ಎಂಬ ಕೈದಿ ಬರೆದದ್ದು. ಕ್ಯಾಶ್ ಅದನ್ನು ಹಿಂದಿನ ರಾತ್ರಿಯಷ್ಟೇ ಕಲಿತು, ಮುಂದಿನ ಸಾಲಿನಲ್ಲಿ ಕೂತಿದ್ದ ಆತನ ಎದುರೇ ಹಾಡಿದರು. ಒಂದು ಎಚ್ಚರಿಕೆ ಮಾತ್ರ ಇರಲಿ. ಮೊದಲ ಹಾಡಿನಲ್ಲಿ, ಸಾಯುವುದನ್ನು ನೋಡಲೆಂದೇ ಒಬ್ಬನನ್ನು ಗುಂಡಿಕ್ಕಿ ಕೊಂದೆ ಎಂಬ ಸಾಲು ಬಂದಾಗ ಕೇಳಿಸುವ ಆರ್ಭಟ ಕೈದಿಗಳು ಆ ಕ್ಷಣದಲ್ಲಿ ಮಾಡಿದ್ದಲ್ಲ, ಆಮೇಲೆ ಸ್ಟುಡಿಯೊದಲ್ಲಿ ಸೇರಿಸಿದ್ದು. ಕಾವಲುಗಾರರ ಕಣ್ಣೆದುರು ಕೂತವರು ಅಂಥ ಸಾಲಿಗೆ ಚಪ್ಪಾಳೆ ತಟ್ಟುವಷ್ಟು ದಡ್ಡರಾಗಿರಲಿಲ್ಲ. ಕಂಟ್ರಿ ಸಂಗೀತದ 'ಸಾಚಾತನ'ದ ಬಗ್ಗೆ ಯಾರಾದರೂ ಉದ್ದುದ್ದ ಮಾತಾಡಿದಾಗ ನನಗೆ ಈ ಆರ್ಭಟದ ನೆನಪಾಗುತ್ತದೆ. ಕ್ಯಾಶ್ ಸ್ವತಃ ಯಾವತ್ತೂ ಶಿಕ್ಷೆಗೊಳಗಾಗಿ ಜೈಲುವಾಸ ಮಾಡಿದವರಲ್ಲ. ಒಂದೆರಡು ರಾತ್ರಿ ಲಾಕಪ್ಪಿನಲ್ಲಿ ಕಳೆದದ್ದುಂಟು, ಅಷ್ಟೆ.

ಈ ಸಂಗೀತದಲ್ಲಿ ಎಷ್ಟು ಕಡಿಮೆ ಸಾಮಗ್ರಿಯಿಂದ ಎಷ್ಟು ಕೆಲಸ ತೆಗೆಯುತ್ತಾರೆ ಎಂಬುದನ್ನು ತೋರಿಸಲು ಕ್ಯಾಶ್ ಅವರ 1956ರ 'ಐ ವಾಕ್ ದ ಲೈನ್' ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಮೆಂಫಿಸ್ ನಗರದ ಸನ್ ಸ್ಟುಡಿಯೊದಲ್ಲಿ ಅಂದು ಇದ್ದವರು ಮೂರೇ ಜನ: ಎಲೆಕ್ಟ್ರಿಕ್ ಗಿಟಾರಿಗೆ ಲೂಥರ್ ಪರ್ಕಿನ್ಸ್, ಬಾಸ್‌ಗೆ ಮಾರ್ಷಲ್ ಗ್ರಾಂಟ್, ಜೊತೆಗೆ ಕ್ಯಾಶ್. ಡ್ರಮ್ಸ್ ಇರಲಿಲ್ಲ. ಆ ಕೊರತೆ ತುಂಬಲು ಕ್ಯಾಶ್ ತಮ್ಮ ಗಿಟಾರಿನ ತಂತಿಗಳ ನಡುವೆ ಒಂದು ಕಾಗದದ ಚೂರನ್ನು ತೂರಿಸಿದರು. ಮೀಟಿದಾಗ ನಾದ ಅಡಗಿ, ಡ್ರಮ್ಮಿನ ಮೇಲೆ ಕಡ್ಡಿ ಆಡಿಸಿದಂಥ ಚರಚರ ಸದ್ದು ಮಾತ್ರ ಉಳಿಯಿತು. ಪ್ರತಿ ಚರಣಕ್ಕೆ ಮುಂಚೆ ಅವರು ಬಾಯಿ ಮುಚ್ಚಿ ಒಂದು ಗುಂಯ್‌ಗುಟ್ಟು ತೆಗೆಯುತ್ತಾರೆ. ಅದು ಅಲಂಕಾರವಲ್ಲ. ಚರಣದಿಂದ ಚರಣಕ್ಕೆ ಶ್ರುತಿ ಬದಲಾಗುವುದರಿಂದ, ಮುಂದಿನ ಶ್ರುತಿಯನ್ನು ಹಿಡಿದುಕೊಳ್ಳುವ ಉಪಾಯ. ಕೊನೆಯ ಚರಣ ಮೊದಲನೆಯದಕ್ಕಿಂತ ಒಂದು ಸ್ಥಾಯಿ ಕೆಳಗೆ ಇಳಿದಿರುತ್ತದೆ, ಹೆಂಡತಿಗೆ ನಿಷ್ಠನಾಗಿರುತ್ತೇನೆಂದು ಮಾತು ಕೊಡುವವನು ಹೇಳುತ್ತ ಹೇಳುತ್ತ ನೆಲಕ್ಕೆ ಬೇರಿಳಿಸಿದ ಹಾಗೆ.

ಎರಡನೆಯದಾಗಿ ಡಾಲಿ ಪಾರ್ಟನ್ ಅವರ 1971ರ 'ಕೋಟ್ ಆಫ್ ಮೆನಿ ಕಲರ್ಸ್'. ಟೆನೆಸಿಯ ಬೆಟ್ಟದ ಸೀಮೆಯ ಹನ್ನೆರಡು ಮಕ್ಕಳ ಬಡ ಮನೆಯಲ್ಲಿ ಹುಟ್ಟಿದ ಪಾರ್ಟನ್ ಅವರ ತಾಯಿ, ಯಾರೋ ಕೊಟ್ಟ ಚಿಂದಿ ಬಟ್ಟೆಗಳನ್ನು ಕೂಡಿಸಿ, ನಮ್ಮ ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವಂತೆ, ಮಗಳಿಗೊಂದು ಕೋಟು ಹೊಲಿದರು. ಹೊಲಿಯುತ್ತ ಬೈಬಲ್ಲಿನ ಜೋಸೆಫನ ಬಣ್ಣಬಣ್ಣದ ಅಂಗಿಯ ಕಥೆ ಹೇಳಿದರು. ಅದನ್ನು ತೊಟ್ಟು ಹಿಗ್ಗಿ ಶಾಲೆಗೆ ಹೋದ ಹುಡುಗಿಯನ್ನು ಕಂಡು ಉಳಿದ ಮಕ್ಕಳು ನಕ್ಕರು. ಹಾಡಿನಲ್ಲಿ ಇರುವುದು ಇಷ್ಟೇ. ಪ್ರವಾಸದ ಬಸ್ಸಿನಲ್ಲಿ ಬರೆಯಲು ಹಾಳೆ ಸಿಗದೆ, ಡ್ರೈಕ್ಲೀನಿಂಗ್ ಅಂಗಡಿಯ ರಸೀದಿಯ ಹಿಂಬದಿಯಲ್ಲಿ ಬರೆದ ಹಾಡಿದು. ನಕ್ಕವರ ಮೇಲೆ ಹಾಡಿನಲ್ಲಿ ಸಿಟ್ಟಿಲ್ಲ, ತನ್ನ ಮೇಲೆ ಮರುಕವೂ ಇಲ್ಲ. ಇವರಿಗೆ ಇದೇಕೆ ಕಾಣುತ್ತಿಲ್ಲ ಎಂಬ ಮಗುವಿನ ಅಚ್ಚರಿ ಮಾತ್ರ ಇದೆ. 'ಜೋಲೀನ್' ಕೇಳಿದವರು ಪಾರ್ಟನ್ ಅವರನ್ನು ಬಲ್ಲೆವೆಂದುಕೊಳ್ಳುತ್ತಾರೆ, ವಿಟ್ನಿ ಹ್ಯೂಸ್ಟನ್ 1992ರಲ್ಲಿ ಹಾಡಿ ಜಗತ್ತಿಗೆಲ್ಲ ತಲುಪಿಸಿದ 'ಐ ವಿಲ್ ಆಲ್ವೇಸ್ ಲವ್ ಯೂ' ಪಾರ್ಟನ್ ಅವರದೇ ರಚನೆ ಎಂಬುದು ಹಲವರಿಗೆ ಗೊತ್ತಿಲ್ಲ. ಅದನ್ನು 1974ರ ಅವರದೇ ದನಿಯಲ್ಲಿ ಕೇಳಿದರೆ ಅದು ಪ್ರೇಮಗೀತೆಗಿಂತ ಬೀಳ್ಕೊಡುಗೆಯ ಮಾತಿನಂತೆ ಕೇಳಿಸುತ್ತದೆ, ಮತ್ತು ಅದು ಇದ್ದದ್ದೂ ಹಾಗೆಯೇ: ಏಳು ವರ್ಷ ಜೊತೆಗೆ ಹಾಡಿದ ಪೋರ್ಟರ್ ವ್ಯಾಗ್ನರ್ ಅವರನ್ನು ಬಿಟ್ಟು ಸ್ವಂತ ದಾರಿ ಹಿಡಿಯುವಾಗ ಬರೆದದ್ದು.

ಪಾರ್ಟನ್ ಅವರ ಜೊತೆಗೇ ಲೊರೆಟ್ಟಾ ಲಿನ್ ಅವರನ್ನೂ ಕೇಳಬೇಕು. ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು, ಹದಿನೈದಕ್ಕೆ ಮದುವೆ. ಗರ್ಭನಿರೋಧಕ ಮಾತ್ರೆ ಸಿಕ್ಕಿದ ಹೆಂಡತಿಯೊಬ್ಬಳು ಗಂಡನಿಗೆ ಸವಾಲು ಹಾಕುವ 'ದ ಪಿಲ್' ಹಾಡನ್ನು 1975ರಲ್ಲಿ ಅವರು ಹೊರತಂದಾಗ ಅನೇಕ ರೇಡಿಯೊ ಕೇಂದ್ರಗಳು ಅದನ್ನು ಹಾಕಲು ಒಪ್ಪಲಿಲ್ಲ. ಅವರಿಗೊಂದು ಒಳ್ಳೆಯ ಸಂಕಲನ ಸಾಕು.

ಮೂರನೆಯದು ವಿಲ್ಲಿ ನೆಲ್ಸನ್ ಅವರ 1975ರ 'ರೆಡ್ ಹೆಡೆಡ್ ಸ್ಟ್ರೇಂಜರ್'. ಇದರ ಮಹತ್ವ ತಿಳಿಯಲು ನ್ಯಾಶ್‌ವಿಲ್ಲಿನ ಕೆಲಸದ ಪದ್ಧತಿ ತಿಳಿದಿರಬೇಕು. ಅಲ್ಲಿ ಹಾಡನ್ನು ಆಯುತ್ತಿದ್ದವರು ನಿರ್ಮಾಪಕರು. ನುಡಿಸುತ್ತಿದ್ದವರು ಹಾಡುಗಾರನ ಸ್ವಂತ ತಂಡದವರಲ್ಲ, ದಿನಗೂಲಿಯಂತೆ ಸ್ಟುಡಿಯೊದಿಂದ ಸ್ಟುಡಿಯೊಗೆ ಹೋಗುವ ನುರಿತ ವಾದ್ಯಗಾರರು. ಮೂರು ಗಂಟೆಯ ಒಂದು ಪಾಳಿಯಲ್ಲಿ ಮೂರು ನಾಲ್ಕು ಹಾಡು ಮುಗಿಯಬೇಕು. ಈ ಕಾರ್ಖಾನೆಯಿಂದ ಒಳ್ಳೆಯ ಹಾಡುಗಳೂ ಬಂದವು, ಒಂದರಂತೆ ಒಂದಿರುವ ನೂರಾರು ಹಾಡುಗಳೂ ಬಂದವು. ಇದರಿಂದ ಬೇಸತ್ತು ಟೆಕ್ಸಸ್‌ಗೆ ಮರಳಿದ ನೆಲ್ಸನ್, ಕೊಲಂಬಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳುವಾಗ ಏನು ಹಾಡಬೇಕು, ಹೇಗೆ ನುಡಿಸಬೇಕು ಎಂಬ ಅಧಿಕಾರವನ್ನು ತಮ್ಮಲ್ಲೇ ಇಟ್ಟುಕೊಂಡರು. ಟೆಕ್ಸಸ್‌ನ ಗಾರ್ಲೆಂಡ್ ಎಂಬಲ್ಲಿ ತಮ್ಮದೇ ತಂಡದೊಂದಿಗೆ, ಅಕ್ಕ ಬಾಬಿಯ ಪಿಯಾನೊ ಸಮೇತ, ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದು ಕುದುರೆಯೇರಿ ಅಲೆಯುವ ಪಾದ್ರಿಯೊಬ್ಬನ ಕಥೆಯನ್ನು ಹಾಡಿದರು. ಆಲ್ಬಂ ಉದ್ದಕ್ಕೂ ವಾದ್ಯಗಳಿಗಿಂತ ಮೌನವೇ ಜಾಸ್ತಿ. ಕೇಳಿದ ಕಂಪನಿಯ ಅಧಿಕಾರಿಗಳು ಇದು ಇನ್ನೂ ಕರಡು ಪ್ರತಿ ಇರಬೇಕೆಂದುಕೊಂಡರು. ಒಪ್ಪಂದದ ಕಾರಣಕ್ಕೆ ಇದ್ದ ಹಾಗೆಯೇ ಬಿಡುಗಡೆಯಾಯಿತು; ಅದರೊಳಗಿನ 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್', ಅದೂ ಮೂವತ್ತು ವರ್ಷ ಹಳೆಯ ಹಾಡು, ಹಾಡುಗಾರನಾಗಿ ನೆಲ್ಸನ್ ಅವರಿಗೆ ಕಂಟ್ರಿ ಪಟ್ಟಿಯಲ್ಲಿ ಮೊದಲ ಬಾರಿಗೆ ಅಗ್ರಸ್ಥಾನ ತಂದಿತು. ಹೀಗೆ ನ್ಯಾಶ್‌ವಿಲ್ ಪದ್ಧತಿಗೆ ತಿರುಗಿಬಿದ್ದವರ ಗುಂಪಿಗೆ ಔಟ್‌ಲಾ, ಅಂದರೆ ಕಾನೂನು ಮೀರಿದವರು, ಎಂಬ ಹೆಸರು ಅಂಟಿತು. ಅದೇ ಹೆಸರಿನಲ್ಲಿ 1976ರಲ್ಲಿ ಬಂದ ಸಂಕಲನವೊಂದು ಹತ್ತು ಲಕ್ಷ ಪ್ರತಿ ಮಾರಾಟದ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಂ ಆಯಿತೆಂದರೆ, ಬಂಡಾಯವೂ ಎಷ್ಟು ಬೇಗ ಸರಕಾಗುತ್ತದೆ ಎಂಬುದು ತಿಳಿಯುತ್ತದೆ. ನೆಲ್ಸನ್ ಅವರಿಗೆ ಒಗ್ಗಿಕೊಂಡವರು ಅದೇ ಗುಂಪಿನ ವೇಲನ್ ಜೆನಿಂಗ್ಸ್ ಅವರ 1973ರ 'ಹಾಂಕಿ ಟಾಂಕ್ ಹೀರೋಸ್'ಗೆ ಹೋಗಬಹುದು.

ನಾಲ್ಕನೆಯದು ಆಲ್ಬಂ ಅಲ್ಲ, ಒಂದು ಹಾಡು: ಜಾರ್ಜ್ ಜೋನ್ಸ್ ಅವರ 1980ರ 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ'. ಕಂಟ್ರಿ ಗೀತರಚನೆಯ ಮುಖ್ಯ ತಂತ್ರ ಶೀರ್ಷಿಕೆಯಲ್ಲಿರುತ್ತದೆ. ಶೀರ್ಷಿಕೆ ಮೊದಲ ಸಲ ಕೇಳಿದಾಗ ಒಂದು ಅರ್ಥ, ಕಥೆ ತಿಳಿದ ಮೇಲೆ ಇನ್ನೊಂದು ಅರ್ಥ. ಆತ ಇಂದು ಅವಳನ್ನು ಪ್ರೀತಿಸುವುದನ್ನು ನಿಲ್ಲಿಸಿದ ಎಂದಾಗ, ಅಂತೂ ಮರೆತನಲ್ಲ ಎಂದುಕೊಳ್ಳುತ್ತೇವೆ. ಸಾಯುವ ತನಕ ಪ್ರೀತಿಸುತ್ತೇನೆಂದು ಆತ ಹೇಳಿದ್ದು, ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದ 1962ರ ಕಾಗದಗಳಲ್ಲಿ ಪ್ರೀತಿಯ ಮಾತು ಬಂದಲ್ಲೆಲ್ಲ ಕೆಂಪು ಗೆರೆ ಎಳೆದದ್ದು, ಕೊನೆಗೆ ಬಾಗಿಲಿಗೆ ಹೂವಿನ ಹಾರ ಬಿದ್ದದ್ದು ಒಂದೊಂದಾಗಿ ಬರುತ್ತವೆ. ಅಲ್ಲಿಗೆ ಶೀರ್ಷಿಕೆ ಮಗುಚಿಕೊಳ್ಳುತ್ತದೆ. ಹೀಗೆ ಬಿಡಿಸಿ ಹೇಳಿದರೆ ಅತಿಯಾಯಿತು ಅನಿಸಬಹುದು. ಜೋನ್ಸ್ ಅವರಿಗೂ ಹಾಡು ವಿಪರೀತ ಸಾವಿನ ಸೂತಕದ್ದೆನಿಸಿ ಮೊದಲು ಹಿಡಿಸಿರಲಿಲ್ಲ. ಆದರೆ ಅವರು ಅಳುವಿನ ಅಂಚಿಗೆ ಬಂದು, ಅಳದೆ, ಸ್ವರವನ್ನು ಹಲ್ಲಿನ ನಡುವೆ ಹಿಡಿದು ಬಿಡುವ ರೀತಿಯಲ್ಲಿ ಆ ಅತಿ ಕರಗಿಹೋಗುತ್ತದೆ. ಇಲ್ಲಿ ಸಾಹಿತ್ಯ ತಿಳಿಯದಿದ್ದರೆ ಹಾಡೇ ಇಲ್ಲ. ಭಾವಗೀತೆಯ ಕ್ಯಾಸೆಟ್ಟುಗಳನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಉಚ್ಚಾರಣೆ ಒಗ್ಗುವ ತನಕ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳುವುದು ಒಳ್ಳೆಯದು.

ಇಷ್ಟು ಕೇಳುವಷ್ಟರಲ್ಲಿ ಒಂದು ವಾದ್ಯ ನಿಮ್ಮ ಗಮನ ಸೆಳೆದೇ ಇರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುತ್ತ, ಮನುಷ್ಯನ ದನಿಯಂತೆ ನರಳುವ ಅದು ಪೆಡಲ್ ಸ್ಟೀಲ್ ಗಿಟಾರ್. ಮೇಜಿನಂತೆ ಅಡ್ಡಲಾಗಿ ಇಟ್ಟು, ಎಡಗೈಯಲ್ಲಿ ಲೋಹದ ಸರಳನ್ನು ತಂತಿಯ ಮೇಲೆ ಜಾರಿಸುತ್ತ, ಕಾಲಿನ ಪೆಡಲುಗಳಿಂದಲೂ ಮೊಣಕಾಲಿನ ಸನ್ನೆಗಳಿಂದಲೂ ತಂತಿಯ ಬಿಗಿಯನ್ನು ನಡುವೆಯೇ ಬದಲಿಸುತ್ತ ನುಡಿಸುವ ವಾದ್ಯ. ಇದರ ಮೂಲ ಹವಾಯಿ ದ್ವೀಪ. ಅಲ್ಲಿಂದ ಅಮೆರಿಕಕ್ಕೆ ಹೋದ ಅದೇ ಹವಾಯಿಯನ್ ಗಿಟಾರು ಭಾರತಕ್ಕೂ ಬಂತು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ವೇದಿಕೆಗೆ ತಂದರು, ವಿಶ್ವಮೋಹನ ಭಟ್ ಅದರಿಂದ ಮೋಹನವೀಣೆಯನ್ನು ರೂಪಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಪಳಗಿದ ನಮ್ಮ ಕಿವಿಗೆ ಸ್ಟೀಲ್ ಗಿಟಾರು ಅಷ್ಟು ಬೇಗ ಹತ್ತಿರವಾಗಲು ಈ ದಾಯಾದಿತನವೇ ಕಾರಣವಿರಬಹುದು. ಭಟ್ ಅವರು ಬ್ಲೂಗ್ರಾಸ್ ಎಂಬ ಕಂಟ್ರಿ ಶೈಲಿಯ ಪ್ರಸಿದ್ಧ ಡೋಬ್ರೊ (ಸರಳು ಜಾರಿಸಿ ನುಡಿಸುವ ಒಂದು ಬಗೆಯ ಗಿಟಾರು) ವಾದಕ ಜೆರ್ರಿ ಡಗ್ಲಸ್ ಅವರೊಂದಿಗೆ 1995ರಲ್ಲಿ 'ಬೋರ್ಬನ್ ಅಂಡ್ ರೋಸ್‌ವಾಟರ್' ಎಂಬ ಆಲ್ಬಮ್ಮನ್ನೇ ಮಾಡಿದ್ದಾರೆ.

ಕಂಟ್ರಿ ಎಂದರೆ ಬಿಳಿಯರ ಸಂಗೀತ ಎಂಬ ಮಾತನ್ನು ಇಲ್ಲೇ ತಡೆಯಬೇಕು. ಅದರ ಗುರುತೇ ಆಗಿರುವ ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ. 1920ರ ದಶಕದ ರೆಕಾರ್ಡ್ ಕಂಪನಿಗಳು ವ್ಯಾಪಾರದ ಅನುಕೂಲಕ್ಕಾಗಿ ಕಪ್ಪು ಜನರ ತಟ್ಟೆಗಳನ್ನು 'ರೇಸ್' ಎಂದೂ ಬಿಳಿಯ ಹಳ್ಳಿಗರ ತಟ್ಟೆಗಳನ್ನು 'ಹಿಲ್‌ಬಿಲಿ' ಎಂದೂ ಬೇರೆ ಬೇರೆ ಪಟ್ಟಿ ಮಾಡಿ ಮಾರಿದ್ದರಿಂದ, ಒಂದೇ ಊರಿನಲ್ಲಿ ಪರಸ್ಪರ ಕಲಿಯುತ್ತಿದ್ದವರ ಸಂಗೀತ ಎರಡಾಗಿ ಕಾಣತೊಡಗಿತು. ನ್ಯಾಶ್‌ವಿಲ್ಲಿನ ಪ್ರಖ್ಯಾತ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಯ ಆರಂಭದ ತಾರೆಗಳಲ್ಲಿ ಒಬ್ಬರಾದ ಡಿಫೋರ್ಡ್ ಬೇಲಿ ಹಾರ್ಮೋನಿಕಾ ನುಡಿಸುತ್ತಿದ್ದ ಕಪ್ಪು ಕಲಾವಿದ. 1960ರ ದಶಕದಲ್ಲಿ ಚಾರ್ಲಿ ಪ್ರೈಡ್ ಅವರ ಮೊದಲ ತಟ್ಟೆಗಳನ್ನು ಕಂಪನಿ ಅವರ ಭಾವಚಿತ್ರವಿಲ್ಲದೆ ರೇಡಿಯೊ ಕೇಂದ್ರಗಳಿಗೆ ಕಳಿಸಿತು. ಈ ಗೋಡೆಯನ್ನು ಹಾಡಿನಿಂದಲೇ ಕೆಡವಿದ ಆಲ್ಬಂ ರೇ ಚಾರ್ಲ್ಸ್ ಅವರ 1962ರ 'ಮಾಡರ್ನ್ ಸೌಂಡ್ಸ್ ಇನ್ ಕಂಟ್ರಿ ಅಂಡ್ ವೆಸ್ಟರ್ನ್ ಮ್ಯೂಸಿಕ್'. ಸ್ಟೀಲ್ ಗಿಟಾರಿನ ದನಿ ಹಿಡಿಸದವರಿಗೆ ನಾನು ಮೊದಲು ಕೊಡುವುದೂ ಇದನ್ನೇ. ಬಿಯೊನ್ಸೆ 2024ರಲ್ಲಿ 'ಕೌಬಾಯ್ ಕಾರ್ಟರ್' ತಂದಾಗ ಎದ್ದ 'ಇದೂ ಕಂಟ್ರಿಯೇ?' ಎಂಬ ಗದ್ದಲಕ್ಕೆ ಉತ್ತರ ಅರುವತ್ತು ವರ್ಷ ಹಿಂದೆಯೇ ಅಂಗಡಿಯಲ್ಲಿತ್ತು.

ಈಗ ಹಿಂದಕ್ಕೆ ಹೋಗಬಹುದು. ಹ್ಯಾಂಕ್ ವಿಲಿಯಮ್ಸ್ ಅವರಿಗೆ ಆಲ್ಬಂ ಹುಡುಕಬೇಡಿ, 1978ರ '40 ಗ್ರೇಟೆಸ್ಟ್ ಹಿಟ್ಸ್' ಸಂಕಲನ ಸಾಕು. ಅಲಬಾಮಾದಲ್ಲಿ ಹುಡುಗನಾಗಿದ್ದಾಗ ರೂಫಸ್ ಪೇನ್ ಎಂಬ ಕಪ್ಪು ಬೀದಿ ಹಾಡುಗಾರನಿಂದ ಪಾಠ ಕಲಿತ ವಿಲಿಯಮ್ಸ್, 1953ರ ಹೊಸ ವರ್ಷದ ದಿನ ಸಂಗೀತ ಕಚೇರಿಗೆ ಹೋಗುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಸತ್ತಾಗ ಅವರಿಗೆ 29 ವರ್ಷ. ಅವರ 1949ರ 'ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ' ಹಾಡಿನಲ್ಲಿ ಕಥೆಯೇ ಇಲ್ಲ. ರಾತ್ರಿ ಕೂಗುವ ಹಕ್ಕಿ, ದೂರದ ರೈಲು, ಮೋಡದ ಮರೆಗೆ ಹೋದ ಚಂದ್ರ, ಜಾರುವ ನಕ್ಷತ್ರ. ಒಂಟಿತನಕ್ಕೆ ಕಾರಣ ಹೇಳುವುದೇ ಇಲ್ಲ. ಇಷ್ಟವಾದರೆ ಅಲ್ಲಿಂದ ಮರ್ಲ್ ಹ್ಯಾಗರ್ಡ್ ಅವರತ್ತ ಬನ್ನಿ. ಒಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದವರ ಮಗ, ಸರಕು ರೈಲಿನ ಬೋಗಿಯನ್ನೇ ಮನೆ ಮಾಡಿಕೊಂಡಿದ್ದ ಕುಟುಂಬದಲ್ಲಿ ಬೆಳೆದವರು, ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಕ್ಯಾಶ್ ಹಾಡಿದಾಗ ಕೈದಿಗಳ ನಡುವೆ ಕೂತು ಕೇಳಿದವರು. 1968ರ 'ಮಾಮಾ ಟ್ರೈಡ್' ಅವರ ಬಾಗಿಲು.

ಮುಂದಕ್ಕೆ ಬರುವವರಿಗೆ ಗಿಲಿಯನ್ ವೆಲ್ಚ್ ಅವರ 2001ರ 'ಟೈಮ್ (ದ ರೆವೆಲೇಟರ್)', ಕ್ರಿಸ್ ಸ್ಟೇಪಲ್‌ಟನ್ ಅವರ 2015ರ 'ಟ್ರಾವೆಲರ್', ಕೇಸಿ ಮಸ್‌ಗ್ರೇವ್ಸ್ ಅವರ 2013ರ 'ಸೇಮ್ ಟ್ರೇಲರ್ ಡಿಫರೆಂಟ್ ಪಾರ್ಕ್' ಸಾಕು. ಮೂರರಲ್ಲಿ ಒಂದೇ ಆಯಬೇಕೆಂದರೆ ವೆಲ್ಚ್. ಎರಡು ಗಿಟಾರು ಅಥವಾ ಬ್ಯಾಂಜೊ, ಎರಡು ದನಿ, ಅದಕ್ಕಿಂತ ಹೆಚ್ಚು ಏನೂ ಇಲ್ಲ.

ಕೊನೆಗೆ, ಕಿವಿ ಹದವಾದ ಮೇಲೆ, 1927ಕ್ಕೆ ಹೋಗಿ. ಆ ವರ್ಷದ ಬೇಸಿಗೆಯಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್, ಟೆನೆಸಿ ಮತ್ತು ವರ್ಜೀನಿಯಾಗಳ ಗಡಿ ಒಂದು ಬೀದಿಯ ನಟ್ಟನಡುವೆ ಹಾದುಹೋಗುವ ಬ್ರಿಸ್ಟಲ್ ಪಟ್ಟಣದಲ್ಲಿ, ಟೋಪಿ ಕಂಪನಿಯೊಂದರ ಖಾಲಿ ಕಟ್ಟಡದಲ್ಲಿ ಯಂತ್ರ ಹೂಡಿ ಸುತ್ತಲಿನ ಹಾಡುಗಾರರನ್ನು ಕರೆದರು. ಆಗಸ್ಟ್ ಮೊದಲ ವಾರದಲ್ಲೇ ಕಾರ್ಟರ್ ಕುಟುಂಬವೂ, ರೈಲ್ವೆ ಕೆಲಸ ಮಾಡಿ ಕ್ಷಯ ಹಿಡಿಸಿಕೊಂಡಿದ್ದ ಜಿಮ್ಮಿ ರಾಜರ್ಸ್ ಅವರೂ ಅಲ್ಲಿ ಮೊದಲ ಬಾರಿಗೆ ತಟ್ಟೆಗಾಗಿ ಹಾಡಿದರು. ಕಾರ್ಟರ್ ಕುಟುಂಬದಲ್ಲಿ ಗಿಟಾರು ಹಿಡಿದಿದ್ದ ಮೇಬೆಲ್ ಅವರಿಗೆ ಆಗ ಹದಿನೆಂಟು ವರ್ಷ, ತುಂಬು ಬಸುರಿ. ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ರಾಗವನ್ನು ಮೀಟುತ್ತ, ಉಳಿದ ಬೆರಳುಗಳಿಂದ ಸಣ್ಣ ತಂತಿಗಳನ್ನು ಸವರಿ ಲಯ ಹಿಡಿಯುವುದು ಅವರ ಕೈಚಳಕ; ಒಂದು ಗಿಟಾರಿನಲ್ಲಿ ಇಬ್ಬರು ನುಡಿಸಿದಂತೆ ಕೇಳಿಸುವ ಅದನ್ನು 1928ರ 'ವೈಲ್ಡ್‌ವುಡ್ ಫ್ಲವರ್' ಹಾಡಿನಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಅಷ್ಟಾದ ಮೇಲೆ ಮತ್ತೆ ಫಾಲ್ಸಮ್ ಆಲ್ಬಂ ಹಾಕಿ. ನಡುವೆ 'ಜ್ಯಾಕ್ಸನ್' ಎಂಬ ಹಾಡಿನಲ್ಲಿ ಕ್ಯಾಶ್ ಅವರಿಗೆ ಎದುರುತ್ತರ ಕೊಡುವ ಹೆಣ್ಣು ದನಿ ಜೂನ್ ಕಾರ್ಟರ್ ಅವರದು, ಮೇಬೆಲ್ ಅವರ ಮಗಳು.